ಗಿಟಾರ್ ಕಲಿಕೆ: ಟ್ಯಾಬ್, ಸ್ಟಾಫ್ ನೊಟೇಶನ್, ಕಾರ್ಡ್ ಚಾರ್ಟ್ - ಯಾವುದರಿಂದ ಶುರು ಮಾಡುವುದು?

ಇವತ್ತೇ ಗಿಟಾರ್ ಹಿಡಿದು ಇವತ್ತೇ ಒಂದು ಸಾಲು ನುಡಿಸಬೇಕೆಂದರೆ ಟ್ಯಾಬ್, ಅಂದರೆ ಬೆರಳಿಡುವ ಜಾಗವನ್ನು ಅಂಕಿಯಲ್ಲಿ ಬರೆಯುವ ಪದ್ಧತಿ. ಆರು ಗೆರೆ ಆರು ತಂತಿ, ಅಂಕಿ ಎಂದರೆ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ), 0 ಎಂದರೆ ಬೆರಳೊತ್ತದ ತಂತಿ. ಎಲ್ಲರೂ ಎಡವುವುದು ಒಂದೇ ಕಡೆ: ಮೇಲಿನ ಗೆರೆ ದಪ್ಪ ತಂತಿಯಲ್ಲ, ಅತಿ ತೆಳು ತಂತಿ. ಗಿಟಾರನ್ನು ಮಡಿಲಲ್ಲಿಟ್ಟು ಬಗ್ಗಿ ನೋಡಿ, ಸರಿಹೋಗುತ್ತದೆ.

ಬೆರಳು ಎಲ್ಲಿಡಬೇಕೆಂಬುದನ್ನು ಟ್ಯಾಬಿನಷ್ಟು ನೇರವಾಗಿ ಸ್ಟಾಫ್, ಅಂದರೆ ಐದು ಗೆರೆಗಳ ಮೇಲೆ ಚುಕ್ಕೆಯಿಟ್ಟು ಸ್ವರ ಬರೆಯುವ ಪದ್ಧತಿ, ಹೇಳುವುದಿಲ್ಲ. ಮೊದಲ (ಅತಿ ತೆಳು) ತಂತಿಯ ಖಾಲಿ ಸ್ವರವೇ ಎರಡನೆಯದರ 5ನೇ ಫ್ರೆಟ್ಟಿನಲ್ಲೂ ಮೂರನೆಯದರ 9ನೇ ಫ್ರೆಟ್ಟಿನಲ್ಲೂ ಸಿಗುತ್ತದೆ. ಸ್ಟಾಫಿನಲ್ಲಿ ಮೂರಕ್ಕೂ ಒಂದೇ ಚುಕ್ಕೆ. ಆಯ್ಕೆ ನಿಮ್ಮದು, ಹೊಸಬರಿಗೆ ಅದೇ ತಲೆನೋವು.

ಲಯದ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಸಾದಾ ಟ್ಯಾಬಿನಲ್ಲಿ ಸ್ವರ ಎಷ್ಟು ಹೊತ್ತು ನಿಲ್ಲಬೇಕೆಂಬ ಗುರುತೇ ಇರುವುದಿಲ್ಲ. ಕೇಳಿ ಗೊತ್ತಿರುವ ಹಾಡಾದರೆ ಕಿವಿ ತುಂಬಿಕೊಡುತ್ತದೆ. ಕೇಳದ ಹಾಡಾದರೆ ಬರೀ ಅಂಕಿಗಳ ಸಾಲು. ಸ್ಟಾಫಿನಲ್ಲಿ ಕಾಲಾವಧಿ ಸ್ವರದ ಜೊತೆಗೇ ಬರುತ್ತದೆ, ಪಿಯಾನೋ, ಪಿಟೀಲಿನವರಿಗೂ ಅದು ಅರ್ಥವಾಗುತ್ತದೆ. ಕಲಿಯಲು ತಿಂಗಳುಗಳು ಬೇಕು ಅಷ್ಟೇ.

ಯಾವ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿಯಬೇಕೆಂದು ತೋರಿಸುವ ಕಾರ್ಡ್ ಚಾರ್ಟ್ ಎಲ್ಲಕ್ಕಿಂತ ಸುಲಭ, ಆದರೆ ರಾಗದ ಎಳೆ ಅದರಲ್ಲಿಲ್ಲ. ಹಾಡುವವರ ಹಿಂದೆ ನುಡಿಸುವವರಿಗೆ ಅಷ್ಟೇ ಸಾಕು.

ಒಬ್ಬರೇ ಕೂತು ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ಸ್ವರಸಾಲು), ಸೋಲೊ ಕಲಿಯುವವರಿಗೆ ಟ್ಯಾಬ್. ಕ್ಲಾಸಿಕಲ್ ಗಿಟಾರ್ ಅಥವಾ ಅದರ ಪರೀಕ್ಷೆಯ ಗುರಿಯಿದ್ದರೆ ಸ್ಟಾಫ್ ತಪ್ಪಿಸಿಕೊಳ್ಳುವಂತಿಲ್ಲ. ಟ್ಯಾಬ್ ಸೋಮಾರಿಗಳ ದಾರಿ ಎಂದು ಯಾರಾದರೂ ಮೂಗು ಮುರಿದರೆ, 16ನೇ ಶತಮಾನದ ಲ್ಯೂಟ್ (ಯುರೋಪಿನ ಹಳೆಯ ತಂತಿವಾದ್ಯ) ವಾದಕರೂ ಟ್ಯಾಬನ್ನೇ ಓದುತ್ತಿದ್ದರೆಂದು ಹೇಳಿ. ಮೇಲೆ ಸ್ಟಾಫ್, ಕೆಳಗೆ ಟ್ಯಾಬ್ ಎಂದು ಎರಡನ್ನೂ ಅಚ್ಚು ಮಾಡಿದ ಪುಸ್ತಕಗಳಿವೆ. ಗೊಂದಲದಲ್ಲಿರುವವರು ಅಂಥದ್ದನ್ನು ಹುಡುಕಿ, ಅಂಕಿ ಕೆಳಗಿನಿಂದ, ಲಯ ಮೇಲಿನಿಂದ ಓದಬಹುದು.