ಏಪ್ರಿಲ್ ಬಿಸಿಲಿನಲ್ಲಿ ಲಾನ್ ಬೋಳಿಸಿಕೊಡುತ್ತೇವೆ ಎಂದರೆ ಒಪ್ಪಬೇಡಿ

ಬ್ರಷ್ ಕಟರ್ ಹೊತ್ತುಕೊಂಡು ಬಂದವರು ನಿಮ್ಮ ಮನೆಯ ಹಳದಿಗಟ್ಟಿದ ಹುಲ್ಲನ್ನು ನೋಡಿ, "ಬುಡದವರೆಗೆ ಕತ್ತರಿಸಿ, ಗೊಬ್ಬರ ಕೊಟ್ಟು, ಹೊಸ ಮಣ್ಣು ಹರಡಿದರೆ ಹದಿನೈದು ದಿನದಲ್ಲಿ ಹಸಿರಾಗುತ್ತದೆ" ಎಂದು ಹೇಳಬಹುದು. ಬೇಸಿಗೆ ಮುಗಿಯುವವರೆಗೆ ಅವರನ್ನು ಗೇಟಿನ ಹೊರಗಿನಿಂದಲೇ ಕಳುಹಿಸಿಬಿಡಿ. ಮೈಸೂರಿನ ಬೋಗಾದಿಯ ನಮ್ಮ ಮನೆಯ ಮುಂದಿನ ಹುಲ್ಲುಹಾಸು ಹಾಳಾದದ್ದು ಬಿಸಿಲಿನಿಂದಲ್ಲ, ಇಂಥದ್ದೇ ಒಂದು ಸೇವೆಯಿಂದ.

ಅದು ನಮ್ಮ ಮಾವನವರು ನಿವೃತ್ತಿಯ ನಂತರ ತಾವೇ ನೆಟ್ಟು ಬೆಳೆಸಿದ ಮೆಕ್ಸಿಕನ್ ಲಾನ್. ಹೆಚ್ಚೇನಿಲ್ಲ, ಸುಮಾರು 400 ಚದರ ಅಡಿ. ಯುಗಾದಿ ಕಳೆದ ಮೇಲೆ ಅಲ್ಲಲ್ಲಿ ಬಣ್ಣಗೆಟ್ಟಿತ್ತು. ನಾವು ಕೆಲಸಕ್ಕೆ ಹೋಗಿದ್ದಾಗ ಬಂದ ಗುತ್ತಿಗೆದಾರ ಮಾವನವರಿಗೆ, "ಯಜಮಾನರೇ, ಹೀಗೇ ಬಿಟ್ಟರೆ ಪೂರ್ತಿ ಸತ್ತುಹೋಗುತ್ತದೆ" ಎಂದು ಹೆದರಿಸಿದ. ಮಕ್ಕಳಂತೆ ಸಾಕಿದ್ದನ್ನು ಸಾಯುತ್ತದೆ ಎಂದರೆ ಆ ವಯಸ್ಸಿನವರು ಏನು ಮಾಡಿಯಾರು? ಒಪ್ಪಿಕೊಂಡರು. ಸಂಜೆ ನಾವು ಬರುವ ಹೊತ್ತಿಗೆ ಹುಲ್ಲನ್ನು ಮಣ್ಣು ಕಾಣುವಂತೆ ಬೋಳಿಸಿ, ಒಣ ನೆಲದ ಮೇಲೆ ಯೂರಿಯಾ ಎರಚಿ, ಅದರ ಮೇಲೆ ಕೆರೆ ಗೋಡು ಮತ್ತು ಹಸಿ ಸಗಣಿ ಗೊಬ್ಬರ ಹರಡಿ, ಪೂರ್ತಿ ಹಣ ಎಣಿಸಿಕೊಂಡು ಹೋಗಿದ್ದ.

ಒಂದು ವಾರದೊಳಗೆ ಹುಲ್ಲು ಒಣಹುಲ್ಲಾಯಿತು. ಫೋನ್ ಮಾಡಿದರೆ, "ಅಮ್ಮಾ, ನೀವು ನೀರು ಸರಿಯಾಗಿ ಹಾಕಿಲ್ಲ. ದಿನಕ್ಕೆ ಎರಡು ಸಲ ಹಾಕಬೇಕೆಂದು ಯಜಮಾನರಿಗೆ ಹೇಳಿದ್ದೆ" ಎಂದ. ಮಾವನವರು ಅದನ್ನು ನಂಬಿ ತಮ್ಮನ್ನೇ ಹಳಿದುಕೊಂಡರು. ಹೋದ ಹಣಕ್ಕಿಂತ ಹೆಚ್ಚಾಗಿ ಇದು ನನಗೆ ತಡೆಯಲಾಗದ ಸಂಗತಿ. ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹುಲ್ಲಿನ ಎಲೆಯೇ ಅದರ ಅಡುಗೆಮನೆ. ಒಂದೇ ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ಬೇರು ಸೊರಗುತ್ತದೆ. ಬೇಸಿಗೆಯಲ್ಲಿ ಇನ್ನೊಂದು ತೊಂದರೆಯೂ ಇದೆ. ಎಲೆಯ ನೆರಳು ಹೋದ ಮೇಲೆ ಬಿಸಿಲು ನೇರವಾಗಿ ನೆಲಕ್ಕೆ ಬಿದ್ದು, ಇರುವ ತೇವವೂ ಆರುತ್ತದೆ. ಗರಿಕೆ ಜಾತಿಯ ಹುಲ್ಲಾದರೆ ನೆಲದೊಳಗಿನ ಕಾಂಡದಿಂದ ಬೇಗ ಚಿಗುರಿಕೊಂಡೀತು. ಮೆಕ್ಸಿಕನ್ ಹುಲ್ಲು ನಿಧಾನವಾಗಿ ಬೆಳೆಯುವಂಥದ್ದು, ಬೋಳಾದ ಜಾಗ ತುಂಬಲು ತಿಂಗಳುಗಳೇ ಬೇಕು. ಈಗ ನಾವು ಹುಲ್ಲನ್ನು ಎರಡು ಅಂಗುಲಕ್ಕಿಂತ ಕೆಳಗೆ ಕತ್ತರಿಸಲು ಬಿಡುವುದಿಲ್ಲ.

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ. ನಮ್ಮಷ್ಟು ಜಾಗಕ್ಕೆ ಒಂದು ಸಲಕ್ಕೆ 350 ಗ್ರಾಂ ದಾಟಬಾರದು, ಅದೂ ನೆಲ ಹಸಿಯಾಗಿದ್ದಾಗ, ಹಾಕಿದ ಕೂಡಲೇ ಚೆನ್ನಾಗಿ ನೀರು ಕೊಟ್ಟು. ಆತ ಬಿಟ್ಟುಹೋದ ಚೀಲ ನೋಡಿದರೆ ಕಿಲೋಗಟ್ಟಲೆ ಸುರಿದಿದ್ದ. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿದರೆ ನೀರು ಬಿಟ್ಟುಕೊಳ್ಳುವಂತೆಯೇ, ಒಣ ಮಣ್ಣಿನಲ್ಲಿ ಅತಿಯಾದ ರಸಗೊಬ್ಬರ ಬೇರಿನ ನೀರನ್ನು ಹೊರಗೆಳೆಯುತ್ತದೆ. ಹುಲ್ಲು ಸುಡುವುದು ಹೀಗೆ. ನೆಲದ ಮೇಲೆ ಉಳಿದ ಯೂರಿಯಾದ ಒಂದಿಷ್ಟು ಭಾಗ ಬಿಸಿಗೆ ಅಮೋನಿಯವಾಗಿ ಗಾಳಿಗೆ ಹೋಗುವುದು ಬೇರೆ.

ಎಲ್ಲಕ್ಕಿಂತ ದೀರ್ಘವಾಗಿ ಕಾಡಿದ್ದು ಆ ಕೆರೆ ಗೋಡು. ಮಳೆ ಬಿದ್ದ ಕೂಡಲೇ ಬೋಳು ಜಾಗದಲ್ಲೆಲ್ಲ ಜೇಕು ಎದ್ದಿತು, ತುಂಗೆ ಎನ್ನುತ್ತಾರಲ್ಲ, ಅದೇ. ಅದಕ್ಕೂ ಮೊದಲು ನಮ್ಮ ಅಂಗಳದಲ್ಲಿ ಒಂದು ಗಿಡವೂ ಇರಲಿಲ್ಲ. ಮೇಲಿನ ಎಲೆ ಕಿತ್ತರೆ ಕೆಳಗಿನ ಗಡ್ಡೆಗಳಿಂದ ಮತ್ತೆ ಬರುತ್ತದೆ. ಗಡ್ಡೆಗಳು ಒಂದಕ್ಕೊಂದು ಎಳೆಯಿಂದ ಜೋಡಿಸಿಕೊಂಡಿರುತ್ತವೆ. ಗ್ಲೈಫೋಸೇಟ್ ಎಂಬ ಕಳೆನಾಶಕ ಸಿಂಪಡಿಸಿದರೆ ಲಾನ್ ಕೂಡ ಸಾಯುತ್ತದೆ. ಕಿರುಗುದ್ದಲಿ ಹಿಡಿದು ಗಡ್ಡೆಸಮೇತ ಅಗೆಯುವ ಕೆಲಸ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಎಲ್ಲಿಂದ ಬಂದದ್ದೆಂದು ತಿಳಿಯದ ಮಣ್ಣನ್ನು, ಪೂರ್ತಿ ಕಳಿಯದ ಗೊಬ್ಬರವನ್ನು ಯಾವ ಕಾಲದಲ್ಲೂ ಹರಡಿಸಬೇಡಿ.

ಮಣ್ಣು ಹರಡುವುದು, ಗೊಬ್ಬರ ಕೊಡುವುದು ತಪ್ಪು ಕೆಲಸಗಳೇನಲ್ಲ. ಮುಂಗಾರು ಹಿಡಿದ ಮೇಲೆ, ಜೂನ್ ಹೊತ್ತಿಗೆ ಮಾಡಬೇಕಾದವು. ಆದರೆ ಜೂನ್‌ನಲ್ಲಿ ಎಲ್ಲರ ಹುಲ್ಲೂ ತಾನಾಗಿ ಹಸಿರಾಗುವುದರಿಂದ ಆಗ ಇವರನ್ನು ಯಾರೂ ಕರೆಯುವುದಿಲ್ಲ. ಮನೆಯವರು ಹಳದಿ ಕಂಡು ದಿಗಿಲುಪಡುವುದು ಏಪ್ರಿಲ್‌ನಲ್ಲಿ, ಆಗಲೇ ಬರುತ್ತಾರೆ. ನೀರು ಕಡಿಮೆಯಾದಾಗ ಹುಲ್ಲು ಮೇಲಿನ ಎಲೆಯನ್ನು ಒಣಗಿಸಿ ಬುಡವನ್ನು ಉಳಿಸಿಕೊಳ್ಳುತ್ತದೆ. ಬುಡ ಗೀರಿ ನೋಡಿ: ಒಳಗೆ ಬಿಳಿ ಅಥವಾ ಹಸಿರು ಕಂಡರೆ ಜೀವವಿದೆ.

ನೀರಿನ ಬಗ್ಗೆ ಆತ ಹೇಳಿದ ಎರಡು ಹೊತ್ತಿನ ಲೆಕ್ಕವೂ ಸುಳ್ಳು. ದಿನವೂ ಮೇಲುಮೇಲೆ ಚಿಮುಕಿಸಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಸುಮಾರು 25 ಮಿಲಿಮೀಟರ್ ಸಾಕು. ಒಂದು ಚದರ ಮೀಟರಿಗೆ 25 ಲೀಟರ್ ಎಂದರ್ಥ. 400 ಚದರ ಅಡಿಗೆ ವಾರಕ್ಕೆ 900 ಲೀಟರ್‌ಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಎರಡು ಸಲಕ್ಕೆ ಹಂಚಿ ಮುಂಜಾನೆ ಕೊಡಿ. ಹೊಂಗಳ್ಳಿ, ಮೇಳಾಪುರದ ಪಂಪಿಂಗ್ ಕೇಂದ್ರಗಳಿಂದ ಮೈಸೂರಿಗೆ ಬರುವ ಕಾವೇರಿ ನೀರು ಕುಡಿಯಲಿಕ್ಕೇ ಬೇಕಾಗಿರುವ ದಿನಗಳಲ್ಲಿ ಅಷ್ಟನ್ನೂ ಕೊಡಬೇಕಿಲ್ಲ. ಬುಡ ಸಾಯದಂತೆ ಅರ್ಧ ಕೊಟ್ಟು ಹಳದಿಯಾಗಲು ಬಿಡುವುದೇ ಸರಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ತರಕಾರಿ, ಅಕ್ಕಿ ತೊಳೆದ ನೀರೂ ಆದೀತು. ಕುಡಿಯುವ ನೀರಿನ ಆರ್‌ಒ ಶುದ್ಧೀಕರಣ ಯಂತ್ರ ಹೊರಹಾಕುವ ತ್ಯಾಜ್ಯ ನೀರಿನಲ್ಲಿ ಮಾತ್ರ ಲವಣ ಹೆಚ್ಚಿರುತ್ತದೆ, ಅದನ್ನು ಹುಲ್ಲಿಗೆ ಹಾಕಬೇಡಿ.

ಈಗಾಗಲೇ ಯಾರಾದರೂ ನಿಮ್ಮ ಮನೆಯಲ್ಲಿ ಯೂರಿಯಾ ಎರಚಿ ಹೋಗಿದ್ದರೆ ಬೆಳಗಾಗುವವರೆಗೆ ಕಾಯಬೇಡಿ. ಕಾಣುವ ಹರಳುಗಳನ್ನು ಪೊರಕೆಯಿಂದ ಗುಡಿಸಿ ತೆಗೆದು, ನೀರು ಬೇರಿನ ಆಳವನ್ನೂ ದಾಟಿ ಇಳಿಯುವಷ್ಟು ಇವತ್ತೇ ಹರಿಸಿ, ಮರುದಿನ ಇನ್ನೊಮ್ಮೆ ಹರಿಸಿ. ಹೊಸ ಮಣ್ಣು ಬಿದ್ದಿದ್ದರೆ ಮಳೆಗೆ ಮುಂಚೆಯೇ ಕೆರೆದು ತೆಗೆಯಿರಿ. ಬೋಳಾದ ಕಡೆ ಮಧ್ಯಾಹ್ನ ಹಸಿರು ನೆರಳು ಪರದೆ ಕಟ್ಟಿ. ಮರುನಾಟಿಯ ಯೋಚನೆ ಜೂನ್‌ವರೆಗೆ ಬೇಡ. ಅಷ್ಟರಲ್ಲಿ ಮನೆಯ ಹಿರಿಯರು ತಮ್ಮಿಂದಲೇ ಹೀಗಾಯಿತೆಂದು ಕೊರಗುತ್ತಿದ್ದರೆ ಈ ಬರಹವನ್ನು ಅವರಿಗೆ ಓದಿ ಹೇಳಿ.