ಆಫೀಸಿನ ಬೇಸ್‌ಮೆಂಟ್ ಚಾರ್ಜಿಂಗ್: ಎರಡೂವರೆ ವರ್ಷ ಬಳಸಿದ ಮೇಲೆ

ನನ್ನದು ಟಾಟಾ ಟಿಯಾಗೊ ಇವಿ (ಎಲೆಕ್ಟ್ರಿಕ್ ಕಾರು), 24 ಕಿಲೋವ್ಯಾಟ್ ಅವರ್ ಬ್ಯಾಟರಿಯದು. ಕಾರಿನ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಡುತ್ತೇನೆ. ಮನೆಯಲ್ಲಿ ಒಂದು ದಿನವೂ ಚಾರ್ಜ್ ಮಾಡದೆ, ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಚಾರ್ಜರುಗಳನ್ನೇ ನೆಚ್ಚಿಕೊಂಡು ಎರಡೂವರೆ ವರ್ಷ ಓಡಿಸಿದ್ದೇನೆ. ಈ ವಿಮರ್ಶೆ ಆ ಸೌಲಭ್ಯದ್ದು. ಬಾಡಿಗೆ ಮನೆಯಲ್ಲಿದ್ದುಕೊಂಡು ಇವಿ ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗೂ, ಆಫೀಸಿನಲ್ಲಿ ಚಾರ್ಜರ್ ಹಾಕಿಸಲು ಹೊರಟಿರುವ ಅಡ್ಮಿನ್‌ನವರಿಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಬನಶಂಕರಿಯಲ್ಲಿ ನಮ್ಮದು ಮೂರನೇ ಮಹಡಿ, ಕಾರು ನಿಲ್ಲುವುದು ಕಾಂಪೌಂಡಿನ ಒಳಗೆ. ಕೆಳಗೆ ನನ್ನ ಮೀಟರಿನಿಂದಲೇ ಒಂದು 15 ಆಂಪ್ ಪಾಯಿಂಟ್ ಎಳೆಸಿಕೊಳ್ಳುತ್ತೇನೆ, ಖರ್ಚೆಲ್ಲ ನನ್ನದೇ ಎಂದು ಓನರ್ ಹತ್ತಿರ ಕೇಳಿದ್ದೆ. ಈಗಿರುವ ವಿದ್ಯುತ್ ಸಂಪರ್ಕದಿಂದಲೇ ಮನೆಯಲ್ಲೂ ಕಚೇರಿಯಲ್ಲೂ ಗಾಡಿ ಚಾರ್ಜ್ ಮಾಡಿಕೊಳ್ಳಬಹುದು ಎನ್ನುವ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿಯ ಮಾರ್ಗಸೂಚಿಯನ್ನೂ ಪ್ರಿಂಟ್ ತೆಗೆಸಿಕೊಂಡು ಹೋಗಿ ತೋರಿಸಿದೆ. "ಅದೆಲ್ಲ ಸರೀನಮ್ಮ, ನಾಳೆ ಬೆಂಕಿ ಗಿಂಕಿ ಹತ್ತಿಕೊಂಡ್ರೆ ಯಾರು ಜವಾಬ್ದಾರಿ?" ಅಂದರು. ಅವರ ಭಯ ನನಗೆ ಅರ್ಥವಾಯಿತು, ಮತ್ತೆ ಕೇಳಲಿಲ್ಲ. ಆಫೀಸಿನಲ್ಲಿ ಅದೇ ತಿಂಗಳು ಚಾರ್ಜರ್ ಹಾಕಿದ್ದರಿಂದ ಧೈರ್ಯ ಮಾಡಿ ಬುಕ್ ಮಾಡಿದೆ.

ಮೊದಲ ವರ್ಷದ ಬೆಳಗ್ಗೆಗಳು ನನಗೆ ಈಗಲೂ ಇಷ್ಟ. ಎಂಟೂವರೆಗೆಲ್ಲ ಎರಡನೇ ಬೇಸ್‌ಮೆಂಟಿಗೆ ಇಳಿದರೆ ಆರು ಚಾರ್ಜರುಗಳಲ್ಲಿ ನಾಲ್ಕಾದರೂ ಖಾಲಿ. ಕಂಬದ ಕೊಕ್ಕೆಯಿಂದ ದಪ್ಪ ಕೇಬಲ್ಲನ್ನು ಬಿಡಿಸಿ, ನೆಲಕ್ಕೆ ತಾಗದ ಹಾಗೆ ಮುಂಗೈ ಮೇಲೆ ಹಾಕಿಕೊಂಡು, ಕಾರಿನ ಮುಚ್ಚಳ ತೆರೆದು ಕೇಬಲ್ಲಿನ ತುದಿಯ ಪ್ಲಗ್ಗನ್ನು, ಅಂದರೆ ಗನ್ ಅನ್ನು, ಒತ್ತಿದರೆ ಒಳಗಿನಿಂದ ಟಕ್ ಎಂದು ಲಾಕ್ ಬೀಳುವ ಸದ್ದು. ಚಾರ್ಜರಿಗೆ ಕಾರ್ಡು ತೋರಿಸಿ ಒಂದೆರಡು ಸೆಕೆಂಡ್ ಕಾದರೆ ಕರೆಂಟು ಹರಿಸುವ ಒಳಗಿನ ಸ್ವಿಚ್ಚು (ರಿಲೇ) ಎತ್ತಿಕೊಳ್ಳುವ ಇನ್ನೊಂದು ಸದ್ದು, ಆಮೇಲೆ ದೀಪ ಮಿನುಗಲು ಶುರು. ಆ ಎರಡನೇ ಸದ್ದು ಕೇಳದೆ ನಾನು ಲಿಫ್ಟಿನ ಕಡೆ ಹೆಜ್ಜೆ ಇಡುವುದಿಲ್ಲ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ನಿಂತು ಎಷ್ಟು ಕಾಲವಾಯಿತು ಎನ್ನುವುದೇ ಮರೆತುಹೋಗಿದೆ.

ದುಡ್ಡಿನ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಹೋಗಿ ಬರಲು ದಿನಕ್ಕೆ 40 ಕಿಲೋಮೀಟರ್ ಆಸುಪಾಸು, ಅಂದರೆ ಐದು ಯೂನಿಟ್. ಮೊದಲ ವರ್ಷ ಪುಕ್ಕಟೆ ಇತ್ತು, ಈಗ ಯೂನಿಟ್ಟಿಗೆ 8 ರೂಪಾಯಿ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ತಿಂಗಳಿಗೆ 900 ರೂಪಾಯಿ ದಾಟುವುದಿಲ್ಲ. ಇದೇ ಓಡಾಟಕ್ಕೆ ನನ್ನ ಹಳೇ ಕಾರು 6,000 ರೂಪಾಯಿಗಿಂತ ಜಾಸ್ತಿ ಪೆಟ್ರೋಲ್ ಕುಡಿಯುತ್ತಿತ್ತು. ಹೊರಗಿನ ಡಿಸಿ ಫಾಸ್ಟ್ ಚಾರ್ಜರಿನಲ್ಲಿ 18% ಜಿಎಸ್‌ಟಿ ಸೇರಿ ಯೂನಿಟ್ಟಿಗೆ 20 ರೂಪಾಯಿಯ ಮೇಲೆ ಕೊಟ್ಟಿದ್ದೇನೆ. ದುಡ್ಡಿನ ವಿಚಾರದಲ್ಲಿ ಆಫೀಸಿನ ಮೇಲೆ ನನ್ನದೇನೂ ದೂರಿಲ್ಲ.

ತೊಂದರೆ ಶುರುವಾಗಿದ್ದು ಎರಡನೇ ವರ್ಷ. ಕಾರುಗಳು ಹತ್ತರಿಂದ ನಲವತ್ತರ ಹತ್ತಿರ ಬಂದವು, ಗನ್ ಮಾತ್ರ ಆರೇ. ಎಲ್ಲವೂ 7.4 ಕಿಲೋವ್ಯಾಟಿನ ಟೈಪ್ 2, ಅಂದರೆ ಕಾರುಗಳ ಎಸಿ ಚಾರ್ಜಿಂಗಿಗೆ ಬಳಸುವ ಬಗೆಯ ಪ್ಲಗ್. ಬೆಳಗ್ಗೆ ಹಾಕಿದ ನನ್ನ ಕಾರು ಮಧ್ಯಾಹ್ನ ಹನ್ನೆರಡಕ್ಕೆಲ್ಲ ತುಂಬಿರುತ್ತದೆ. ಹಾಗಂತ ಹನ್ನೆರಡಕ್ಕೆ ಎದ್ದು ಬೇಸ್‌ಮೆಂಟಿಗೆ ಹೋಗಿ ಕಾರು ತೆಗೆಯಲು ಎಷ್ಟು ಜನಕ್ಕಾಗುತ್ತದೆ? ಮೀಟಿಂಗ್ ನಡೆಯುತ್ತಿರುತ್ತದೆ. ಕಾರಿನ ಕೀಲಿ ಒತ್ತಿ ಅನ್‌ಲಾಕ್ ಮಾಡದೆ ಗನ್ ಕೈಗೆ ಬರುವುದಿಲ್ಲ, ಹಾಗಾಗಿ ಪಕ್ಕದವರು ಸಹಾಯ ಮಾಡೋಣ ಎಂದರೂ ದಾರಿಯಿಲ್ಲ. ವೈಪರ್ ಕೆಳಗೆ ಚೀಟಿ ಸಿಗಿಸುವುದು, ಎಕ್ಸ್‌ಟೆನ್ಷನ್ನಿಗೆ ಫೋನ್ ಮಾಡುವುದು, ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿ "ಈ ಬಿಳಿ ನೆಕ್ಸಾನ್ ಯಾರದು?" ಎಂದು ಕೇಳುವುದು ದಿನನಿತ್ಯದ ಕೆಲಸವಾಯಿತು. ಜಾಗ ಸಿಕ್ಕರೂ ಕೇಬಲ್ ಸಾಲದೆ ಬರುವುದೂ ಉಂಟು. ಎಂಜಿ ಕಾಮೆಟ್‌ಗೆ ಮೂತಿಯಲ್ಲಿ ಪೋರ್ಟು, ನೆಕ್ಸಾನ್‌ಗೆ ಪೆಟ್ರೋಲ್ ಹಾಕುವ ಜಾಗದಲ್ಲಿ. ಒಬ್ಬರು ಮುಂದಾಗಿ ನಿಲ್ಲಿಸಬೇಕು, ಇನ್ನೊಬ್ಬರು ಹಿಂದಾಗಿ.

ಅಡ್ಮಿನ್‌ನವರು ಇದಕ್ಕೆ ಮದ್ದಾಗಿ ಬುಕಿಂಗ್ ಆ್ಯಪ್ ತಂದರು. ಮೂರು ಮೂರು ಗಂಟೆಯ ಸ್ಲಾಟು. ಚಾರ್ಜ್ ಮುಗಿದು ಇಪ್ಪತ್ತು ನಿಮಿಷ ಕಳೆದರೆ ಗಂಟೆಗೆ 100 ರೂಪಾಯಿ ದಂಡ. ಹಿಂದಿನ ರಾತ್ರಿ ಒಂಬತ್ತಕ್ಕೆ ಸ್ಲಾಟ್ ತೆರೆದರೆ ಎರಡು ನಿಮಿಷದಲ್ಲಿ ಖಾಲಿ. ಮಗಳಿಗೆ ಊಟ ಮಾಡಿಸುವ ಹೊತ್ತಿನಲ್ಲಿ ಫೋನ್ ಹಿಡಿದು ಕೂರಬೇಕಾಯಿತು. ಟಿಯಾಗೊದಲ್ಲಿರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಅದನ್ನು ಆಗಾಗ ನಿಧಾನವಾಗಿ 100% ಮುಟ್ಟಿಸದಿದ್ದರೆ ಕಾರು ತೋರಿಸುವ ಚಾರ್ಜಿನ ಶೇಕಡಾ ಲೆಕ್ಕ ದಾರಿ ತಪ್ಪುತ್ತದೆ, ಕೊನೆಯಲ್ಲಿ ಸೆಲ್‌ಗಳು ಸಮಕ್ಕೆ ಬರಲು ಹೊತ್ತು ಬೇಕು. ದಂಡದ ಭಯದಲ್ಲಿ 95ಕ್ಕೇ ಕಿತ್ತುಕೊಂಡು ಓಡಿದ ದಿನಗಳೇ ಹೆಚ್ಚು.

ಕಳೆದ ವರ್ಷ ಆಗಸ್ಟಿನ ಒಂದು ಶುಕ್ರವಾರವನ್ನಂತೂ ಮರೆಯಲಾರೆ. ಸಂಜೆ ತುಮಕೂರಿಗೆ ಅಮ್ಮನ ಮನೆಗೆ ಹೊರಡುವುದಿತ್ತು. ಹೇಗೋ ಮಧ್ಯಾಹ್ನದ ಸ್ಲಾಟ್ ಹಿಡಿದು ಗನ್ ಹಾಕಿ ಹೋದೆ. ಮಳೆನೀರು ಕೇಬಲ್ ಟ್ರೇ ಮೇಲೆ ತೊಟ್ಟಿಕ್ಕಿ ಕರೆಂಟು ಸೋರಿದರೆ ಲೈನ್ ಕಡಿದುಬಿಡುವ ಸ್ವಿಚ್ಚು (ಇಎಲ್‌ಸಿಬಿ) ಟ್ರಿಪ್ ಆಗಿದೆ, ಆರೂ ಚಾರ್ಜರ್ ಸತ್ತು ಮಲಗಿವೆ, ಒಂದು ಮೆಸೇಜೂ ಇಲ್ಲ. ಆರು ಗಂಟೆಗೆ ಇಳಿದು ನೋಡಿದರೆ 31%. ಮಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೊರಗಿನ ಫಾಸ್ಟ್ ಚಾರ್ಜರಿನ ಎದುರು ಒಂದೂವರೆ ಗಂಟೆ ಕಾದೆ. ಟ್ರಿಪ್ ಆಗಿದ್ದು ತಪ್ಪಲ್ಲ, ನೀರು ಬಿದ್ದಾಗ ಟ್ರಿಪ್ ಆಗಬೇಕಾದದ್ದೇ. ಆದರೆ ಹಗಲಲ್ಲಿ ಒಬ್ಬರೂ ಹೋಗಿ ನೋಡುವ ವ್ಯವಸ್ಥೆ ಇರಲಿಲ್ಲ ಎನ್ನುವುದು ನನಗೆ ಬಹಳ ಬೇಸರ ತಂದಿತು.

ಅದಕ್ಕಿಂತ ನೋಯಿಸಿದ ಸಂಗತಿ ಬೇರೆಯದು. ನಮ್ಮ ಮಹಡಿಯ ಹೌಸ್‌ಕೀಪಿಂಗ್ ನೋಡಿಕೊಳ್ಳುವ ಅಕ್ಕ ಆನೇಕಲ್ಲಿನಿಂದ ಬರುತ್ತಾರೆ. ಸಾಲ ಮಾಡಿ ಟಿವಿಎಸ್ ಐಕ್ಯೂಬ್ ತೆಗೆದುಕೊಂಡಿದ್ದರು. ಅವರ ಸ್ಕೂಟರಿಗೆ ನಮ್ಮ ಟೈಪ್ 2 ಗನ್ ಹೊಂದುವುದೇ ಇಲ್ಲ, ಅದಕ್ಕೆ ಬೇಕಾಗಿರುವುದು ಗೋಡೆಯ ಒಂದು ಸಾಮಾನ್ಯ ಪ್ಲಗ್ ಪಾಯಿಂಟ್. ಪಂಪ್ ರೂಮಿನ ಸಾಕೆಟ್ಟಿಗೆ ವೈರ್ ಎಳೆದು ಹಾಕಿಕೊಂಡಿದ್ದಕ್ಕೆ ಸೆಕ್ಯುರಿಟಿಯವರು ವರದಿ ಬರೆದರು, ಅವರನ್ನು ಕೆಲಸಕ್ಕೆ ಕಳಿಸುವ ಏಜೆನ್ಸಿಯಿಂದ ಎಚ್ಚರಿಕೆ ಪತ್ರ ಬಂತು. "ಮೂರು ಯೂನಿಟ್ಟೂ ಆಗಲ್ಲ ಮೇಡಂ, ಕಾಸು ಕೊಡ್ತೀನಿ ಅಂದೆ. ಕಾರ್ಡ್ ಇರೋರಿಗೆ ಮಾತ್ರ ಅಂದ್ರು" ಎಂದು ಕಾಫಿ ಲೋಟ ತೊಳೆಯುತ್ತಾ ಹೇಳಿದರು. ನೌಕರರಿಗೆಂದು ಹಾಕಿದ ಚಾರ್ಜಿಂಗಿನಲ್ಲಿ ಅವರ ಲೆಕ್ಕ ಇರಲಿಲ್ಲ. ಬೆಳಗ್ಗೆ ಆರೂವರೆಗೆ ಬಂದು ನನ್ನ ಮೇಜು ಒರೆಸುವವರು ಅವರು.

ಆ ವಾರ ಮೂವರು ಕೂತು ಲೆಕ್ಕ ಹಾಕಿದೆವು. ಆರು ಗನ್ನುಗಳ ತೊಡಕಿಗೂ, ಅಕ್ಕನ ಸ್ಕೂಟರಿಗೂ ಉತ್ತರ ಒಂದೇ ಕಡೆ ಇತ್ತು. ಆಫೀಸಿನಲ್ಲಿ ಕಾರು ಒಂಬತ್ತು ಗಂಟೆ ಸುಮ್ಮನೆ ನಿಂತಿರುತ್ತದೆ. ಅಲ್ಲಿ ವೇಗ ಯಾರಿಗೆ ಬೇಕು? 3.3 ಕಿಲೋವ್ಯಾಟಿನ ಸಾದಾ 15 ಆಂಪ್ ಪಾಯಿಂಟಿನಲ್ಲಿ ಟಿಯಾಗೊ 10ರಿಂದ 100ಕ್ಕೆ ಏರಲು ಕಂಪನಿ ಹೇಳುವ ಲೆಕ್ಕ 8.7 ಗಂಟೆ, ಅಂದರೆ ಒಂದು ಪಾಳಿ. ದಿನದ ಓಡಾಟಕ್ಕಷ್ಟೇ ಎಂದರೆ ಎರಡು ಗಂಟೆ. ಒಂದು 7.4 ಕಿಲೋವ್ಯಾಟ್ ಗನ್ನಿಗೆ ಬೇಕಾಗುವ ಲೋಡಿನಲ್ಲಿ ಇಂಥ ಎರಡು ಪಾಯಿಂಟ್ ನಡೆಯುತ್ತವೆ. ಕಾರಿನ ಜೊತೆಗೇ ಬಂದಿರುವ ಪೋರ್ಟಬಲ್ ಚಾರ್ಜರ್ ಎಲ್ಲರ ಡಿಕ್ಕಿಯಲ್ಲೂ ಬಿದ್ದಿರುತ್ತದೆ. ಸ್ಕೂಟರಿಗೂ ಅದೇ ಪಾಯಿಂಟ್ ಸಾಕು. ಬೆಳಗ್ಗೆ ಹಾಕಿದರೆ ಸಂಜೆ ತೆಗೆದರಾಯಿತು, ನಡುವೆ ಯಾರೂ ಯಾರಿಗೂ ಫೋನ್ ಮಾಡಬೇಕಿಲ್ಲ. ಇದನ್ನೇ ಒಂದು ಪುಟದಲ್ಲಿ ಬರೆದು ಕೊಟ್ಟೆವು. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ 20% ಜಾಗ ಚಾರ್ಜಿಂಗಿಗೆ ಸಿದ್ಧವಿರಬೇಕು ಎಂದು ಕೇಂದ್ರದ ಮಾದರಿ ಕಟ್ಟಡ ನಿಯಮಕ್ಕೆ 2019ರಲ್ಲಿ ಸೇರಿಸಿದ ತಿದ್ದುಪಡಿಯನ್ನೂ ಕೊನೆಯಲ್ಲಿ ನೆನಪಿಸಿದೆವು.

ಏಳು ತಿಂಗಳು ಹಿಡಿಯಿತು. ಈ ವರ್ಷ ಹಿಂದಿನ ಗೋಡೆಗುಂಟ ಹದಿನಾರು ಪಾಯಿಂಟ್ ಬಂದಿವೆ. ಪ್ರತಿಯೊಂದಕ್ಕೂ ಬೇರೆ ಬೇರೆ ಟ್ರಿಪ್ ಸ್ವಿಚ್ಚು, ಸಬ್‌ಮೀಟರು, ಹೊಸದಾಗಿ ತೆಗೆಸಿದ ಅರ್ಥಿಂಗ್. ಒಂದರಲ್ಲಿ ತೊಂದರೆಯಾದರೆ ಉಳಿದವು ನಡೆಯುತ್ತವೆ. ಗಾರ್ಡ್ ಅಣ್ಣನ ಪುಸ್ತಕದಲ್ಲಿ ಗಾಡಿ ನಂಬರು ಬರೆಸಿದರೆ ಸಾಕು, ಕಾರ್ಡು ಬೇಡ, ಏಜೆನ್ಸಿಯವರಿಗೂ ಅಷ್ಟೇ. ಮೂಲೆಯ ನಾಲ್ಕು ಪಾಯಿಂಟ್ ಸ್ಕೂಟರುಗಳಿಗೆ ಮೀಸಲು. ಅಕ್ಕನ ನೀಲಿ ಐಕ್ಯೂಬ್ ಬೆಳಗ್ಗೆ ಅಲ್ಲಿ ಎಲ್ಲರಿಗಿಂತ ಮೊದಲು ನಿಂತಿರುತ್ತದೆ, ಸೀಟಿನ ಮೇಲೆ ಒಂದು ಹಳೇ ಟವೆಲ್ ಹಾಸಿ ಅದರ ಮೇಲೆ ಚಾರ್ಜರ್ ಇಟ್ಟಿರುತ್ತಾರೆ.

ನಾನು ಈಗ ಗನ್ ಮುಟ್ಟುವುದು ತಿಂಗಳಿಗೊಮ್ಮೆ, ದೂರದ ಊರಿಗೆ ಹೊರಡುವ ದಿನ ಮಾತ್ರ. ಗನ್ನುಗಳೂ ಈಗ ಮಧ್ಯಾಹ್ನ ಖಾಲಿ ಸಿಗುತ್ತವೆ, ಆ್ಯಪ್ ತೆರೆದು ತಿಂಗಳುಗಳಾಗಿವೆ. ಪೋರ್ಟಬಲ್ ಚಾರ್ಜರಿನ ಡಬ್ಬವನ್ನು ನೆಲಕ್ಕೆ ಬಿಡಬೇಡಿ, ಪ್ಲಗ್ ಪಿನ್ನಿಗೆ ಭಾರ ಬಿದ್ದು ಸಡಿಲವಾದರೆ ಬಿಸಿಯಾಗುತ್ತದೆ. ಗೋಡೆಗೆ ಒಂದು ಕೊಕ್ಕೆ ಹೊಡೆಸಿ ತೂಗುಹಾಕಿ. ಮೊದಲ ವಾರ ಅರ್ಧ ಗಂಟೆಯ ನಂತರ ಒಮ್ಮೆ ಹೋಗಿ ಪ್ಲಗ್ಗಿನ ತಲೆಯನ್ನು ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಸುಟ್ಟರೆ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಸಾಕೆಟ್ ಬದಲಿಸಿ.

ಐದರಲ್ಲಿ ಎಷ್ಟು ಎಂದರೆ, ಗನ್ನುಗಳಿಗೆ ಎರಡೂವರೆ, ಗೋಡೆಯ ಪಾಯಿಂಟುಗಳಿಗೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹಿಡಿದಿಟ್ಟಿರುವುದು ರಾತ್ರಿ ಎಂಟಕ್ಕೆ ಮೇನ್ ಆಫ್ ಮಾಡಿಬಿಡುತ್ತಾರೆ ಎಂದು. ರಾತ್ರಿ ಪಾಳಿಯ ಗಾರ್ಡ್ ಅಣ್ಣ ಒಬ್ಬರು ಹೋದ ತಿಂಗಳು ಎಲೆಕ್ಟ್ರಿಕ್ ಸ್ಕೂಟರ್ ಕೊಂಡಿದ್ದಾರೆ, ಅವರು ಕೆಲಸಕ್ಕೆ ಬರುವುದೇ ಎಂಟಕ್ಕೆ. ಮೂಲೆಯ ನಾಲ್ಕು ಪಾಯಿಂಟುಗಳನ್ನು ಬೆಳಗಿನವರೆಗೂ ಬಿಡಿ ಎಂದು ಸೋಮವಾರ ಅರ್ಜಿ ಕೊಟ್ಟು ಬಂದಿದ್ದೇನೆ.