ಅಪರೂಪಕ್ಕೆ ಓಡುವ ಕಾರಿಗೆ ಆಯಿಲ್ ಬದಲಾವಣೆ: ನಾಲ್ಕು ಲೆಕ್ಕಗಳನ್ನು ಹಿಡಿದು ನೋಡಿದ್ದು

2019ರ ಜುಲೈ ತಿಂಗಳ ಒಂದು ಬೆಳಿಗ್ಗೆ ವೈಪರ್‌ನ ನೀರು ತುಂಬಲು ಬಾನೆಟ್ ಎತ್ತಿದ್ದೆ. ಹಾಗೆಯೇ ಎಂಜಿನ್ ಆಯಿಲ್ ಹಾಕುವ ಮುಚ್ಚಳವನ್ನೂ ತಿರುಗಿಸಿ ತೆಗೆದೆ. ಅದರ ಒಳಮೈಗೆ ಹಾಲು ಹೆಚ್ಚಾದ ಕಾಫಿಯ ಬಣ್ಣದ ಜಿಗುಟು ದಪ್ಪಗೆ ಮೆತ್ತಿಕೊಂಡಿತ್ತು. ಬೆರಳಿನಿಂದ ಸವರಿದರೆ ಬೆಣ್ಣೆಯಂತೆ ಎದ್ದು ಬಂತು, ಮೂಗಿನ ಹತ್ತಿರ ಹಿಡಿದರೆ ಪೆಟ್ರೋಲಿನ ವಾಸನೆ. ಎಂಜಿನ್ನನ್ನು ತಂಪಾಗಿಡುವ ದ್ರವ, ಕೂಲೆಂಟ್, ಸೋರಿ ಎಣ್ಣೆಗೆ ಸೇರುತ್ತಿದೆಯೇನೋ ಎಂದು ಎದೆ ಧಸಕ್ಕೆಂದಿತು. ಆದರೆ ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಸ್ವಲ್ಪವೂ ಇಳಿದಿರಲಿಲ್ಲ.

ಕಾರು 2014ರ ಅಕ್ಟೋಬರಿನಲ್ಲಿ ಕೊಂಡ 1.2 ಲೀಟರ್ ಪೆಟ್ರೋಲ್ ಎಂಜಿನ್ನಿನ ಸಣ್ಣ ಗಾಡಿ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಕಾಲೇಜಿಗೆ ನಾನು ನಡೆದೇ ಹೋಗುತ್ತೇನೆ, ಹತ್ತಿರದ ಕೆಲಸಗಳಿಗೆ ಸ್ಕೂಟರ್ ಇದೆ. ಹನ್ನೊಂದು ವರ್ಷಗಳಲ್ಲಿ ಕಾರು ಓಡಿರುವುದು 29,000 ಕಿ.ಮೀ.ಗೂ ಕಡಿಮೆ. ಆಯಿಲ್ ಬದಲಿಸಲು ಕೈಪಿಡಿ ಹೇಳುವುದು 10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು. ವಾರಂಟಿ ಇದ್ದ ಎರಡು ವರ್ಷ ಆ ಮಾತನ್ನು ತಪ್ಪದೆ ಪಾಲಿಸಿದೆ. ವಾರಂಟಿ ಇರುವವರೆಗೆ ಯಾರೂ ಅದನ್ನು ಮೀರಬಾರದು, ಮುಂದೆ ಏನಾದರೂ ಕೆಟ್ಟರೆ ಸರ್ವಿಸ್ ದಾಖಲೆಯೇ ಆಧಾರ. ಅದಾದ ಮೇಲೆ ಒಂದರ ಹಿಂದೆ ಒಂದರಂತೆ ನಾಲ್ಕು ಲೆಕ್ಕಗಳನ್ನು ಹಿಡಿದು ನೋಡಿದ್ದೇನೆ.

ಮೊದಲನೆಯದು ಕಿಲೋಮೀಟರ್ ಲೆಕ್ಕ. ಓಡದ ಗಾಡಿಯ ಎಣ್ಣೆ ಸವೆಯುವುದಾದರೂ ಹೇಗೆ, 10,000 ಆಗಲಿ ಎಂದು ಬಿಟ್ಟೆ. 2016ರ ಅಕ್ಟೋಬರಿನಿಂದ ಆ ಜುಲೈವರೆಗೆ, ಅಂದರೆ ಎರಡೂಮುಕ್ಕಾಲು ವರ್ಷದಲ್ಲಿ, ಕಾರು 6,200 ಕಿ.ಮೀ. ಓಡಿತ್ತು. ಅದರಲ್ಲಿ ಬಹುಪಾಲು ದೇವರಾಜ ಮಾರುಕಟ್ಟೆಗೆ, ಆಸ್ಪತ್ರೆಗೆ, ರೈಲು ನಿಲ್ದಾಣಕ್ಕೆ ಹೋಗಿಬರುವ ನಾಲ್ಕೈದು ಕಿಲೋಮೀಟರಿನ ಓಡಾಟ.

ಮುಚ್ಚಳದ ಜಿಗುಟನ್ನು ನಮ್ಮ ಬಡಾವಣೆಯ ಮೆಕ್ಯಾನಿಕ್‌ಗೆ ತೋರಿಸಿದೆ. ಮೂವತ್ತು ವರ್ಷಗಳಿಂದ ಗ್ಯಾರೇಜು ನಡೆಸುತ್ತಿರುವ ಹಿರಿಯರು. ಅವರು ಹೆಚ್ಚು ಮಾತಾಡಲಿಲ್ಲ. ಒಂದು ಕಬ್ಬಿಣದ ತುಂಡನ್ನು ಕಾಯಿಸಿ, ಎಣ್ಣೆಯ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ತುದಿಯಿಂದ ಒಂದು ಹನಿ ಎಣ್ಣೆಯನ್ನು ಅದರ ಮೇಲೆ ಬಿಟ್ಟರು. ಒಗ್ಗರಣೆಗೆ ಬಿದ್ದ ಸಾಸಿವೆಯ ಹಾಗೆ ಅದು ಚಟಪಟ ಎಂದು ಸಿಡಿಯಿತು. ಡಬ್ಬಿಯಿಂದ ತೆಗೆದ ಹೊಸ ಎಣ್ಣೆಯ ಹನಿಯನ್ನು ಪಕ್ಕದಲ್ಲೇ ಬಿಟ್ಟರು. ಅದು ಸದ್ದಿಲ್ಲದೆ ಹರಡಿಕೊಂಡಿತು. ಸಿಡಿಯುವುದು ಎಣ್ಣೆಯಲ್ಲ, ಅದರೊಳಗಿನ ನೀರು. “ಮೇಷ್ಟ್ರೇ, ಇದು ಮಳೆಗಾಲದಲ್ಲಿ ಒಗೆದ ಬಟ್ಟೆಯ ಹಾಗಾಗಿದೆ. ಒಣಗುವುದಕ್ಕೆ ನೀವು ಬಿಟ್ಟೇ ಇಲ್ಲ” ಎಂದರು.

ಆ ಮಾತಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಆಮೇಲೆ ಓದಿಕೊಂಡಾಗ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬೆಳಿಗ್ಗೆ ಗಾಡಿ ಹೊರಡಿಸಿದಾಗ ಸೈಲೆನ್ಸರ್ ಕೊಳವೆಯಿಂದ ತೊಟ್ಟಿಕ್ಕುವುದು ಇದೇ. ಹೆಚ್ಚಿನದು ಹೊಗೆಯೊಡನೆ ಹೊರಹೋಗುತ್ತದೆ, ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಣ್ಣೆಯ ಕಡೆಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ಆವಿ ಅಲ್ಲಿ ನಿಲ್ಲದೆ, ಅದಕ್ಕೆಂದೇ ಇರುವ ಕೊಳವೆಯಿಂದ ಹೊರಟುಹೋಗುತ್ತದೆ. ತಣ್ಣಗಿದ್ದರೆ ಲೋಹಕ್ಕೆ ತಾಗಿ ಹನಿಯಾಗಿ ಎಣ್ಣೆಗೆ ಬೆರೆಯುತ್ತದೆ. ತಣ್ಣಗಿರುವ ಎಂಜಿನ್ನಿಗೆ ಪೆಟ್ರೋಲೂ ಹೆಚ್ಚು ಬೇಕು. ಉರಿಯದೆ ಉಳಿದದ್ದೂ ಅದೇ ದಾರಿಯಲ್ಲಿ ಇಳಿಯುತ್ತದೆ. ಇವೆರಡರ ಜೊತೆಗೆ ಹೊಗೆಯಲ್ಲಿರುವ ಆಮ್ಲದ ಅಂಶ ಸೇರುತ್ತದೆ. ಆಮ್ಲವನ್ನು ಮುರಿಯುವ ರಾಸಾಯನಿಕವನ್ನು ಎಣ್ಣೆಯಲ್ಲಿ ಬೆರೆಸಿಯೇ ಇರುತ್ತಾರೆ, ಆದರೆ ಅದು ಅಳತೆಯ ಗಂಟು, ಕರಗುತ್ತಾ ಬರುತ್ತದೆ. ಗಾಡಿ ಶೆಡ್ಡಿನಲ್ಲಿ ನಿಂತಿರುವಾಗಲೂ ಆ ನೀರು, ಆ ಆಮ್ಲ ಬೇರಿಂಗುಗಳನ್ನು ತಾಗಿಕೊಂಡೇ ಇರುತ್ತವೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಡ್ಯಾಶ್‌ಬೋರ್ಡಿನ ಮುಳ್ಳು ತೋರಿಸುವುದು ಕೂಲೆಂಟಿನ ಶಾಖವನ್ನು. ಮುಳ್ಳು ಐದಾರು ನಿಮಿಷಕ್ಕೆ ನಡುವೆ ಬಂದು ನಿಂತರೂ ಎಣ್ಣೆ ಅಷ್ಟು ಬೇಗ ಕಾಯುವುದಿಲ್ಲ. ಅದಕ್ಕೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷದ ನಿಜವಾದ ಓಟ ಬೇಕು. ಮಾರುಕಟ್ಟೆಗೆ ಹೋಗಿಬರುವ ದಾರಿಯಲ್ಲಿ ನನ್ನ ಕಾರಿನ ಎಣ್ಣೆ ಒಮ್ಮೆಯೂ ಸರಿಯಾಗಿ ಕಾದಿರಲಾರದು.

ಹೀಗಾಗಿ ಕಿಲೋಮೀಟರ್ ಲೆಕ್ಕವನ್ನು ನಾನು ಅಲ್ಲಿಗೇ ಬಿಟ್ಟೆ. ಕಡಿಮೆ ಓಡುವ ಗಾಡಿಗೆ ಅದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿಲ್ಲ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ.

ಎರಡನೆಯದು ಆರು ತಿಂಗಳಿಗೊಮ್ಮೆ, ಕಚ್ಚಾ ತೈಲವನ್ನು ಶುದ್ಧೀಕರಿಸಿ ತೆಗೆದ, ಸಾಧಾರಣ ಬೆಲೆಯ ಮಿನರಲ್ ಆಯಿಲ್ ಹಾಕಿ. ಹೆದರಿದ್ದೆನಲ್ಲ, ಮೆಕ್ಯಾನಿಕ್ ಹೇಳಿದ ತಕ್ಷಣ ಒಪ್ಪಿದೆ. 2019ರಿಂದ 2021ರವರೆಗೆ ನಾಲ್ಕು ಬಾರಿ ಬದಲಿಸಿದೆ. ಫಿಲ್ಟರ್, ಕೂಲಿ ಎಲ್ಲ ಸೇರಿ ಪ್ರತಿ ಬಾರಿ ಎರಡು ಸಾವಿರ ರೂಪಾಯಿಯ ಆಸುಪಾಸು. ಮುಚ್ಚಳ ಶುಚಿಯಾಯಿತು, ಎಂಜಿನ್ನಿನ ಸದ್ದೂ ಮೃದುವಾಯಿತು. ಇದೇ ಕೊನೆಯ ಮಾತು ಎಂದುಕೊಂಡಿದ್ದೆ.

ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು. ಕಾರು ನಿಂತಲ್ಲೇ ನಿಂತಿತು. ಬ್ಯಾಟರಿ ಇಳಿಯಬಾರದೆಂದು ಪ್ರತಿ ಭಾನುವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ, ಶೆಡ್ಡಿನಲ್ಲೇ ಉರಿಸಿ ನಿಲ್ಲಿಸುತ್ತಿದ್ದೆ. ಬೀದಿಯಲ್ಲಿ ಎಲ್ಲರೂ ಮಾಡುತ್ತಿದ್ದುದು ಅದನ್ನೇ. ಆ ಆರು ತಿಂಗಳಲ್ಲಿ ಓಡಿದ್ದು 190 ಕಿ.ಮೀ. ಅಷ್ಟು ಹೊತ್ತಿಗೆ ಮೆಕ್ಯಾನಿಕ್ ಮಾಡಿದ ಪರೀಕ್ಷೆಯನ್ನು ನಾನೂ ಕಲಿತಿದ್ದೆ. ಅಡುಗೆಗೆ ಬಾರದ ಹಳೆಯ ಕಾವಲಿಯೊಂದನ್ನು ಹಿತ್ತಿಲಿನಲ್ಲಿ ಎಲೆಕ್ಟ್ರಿಕ್ ಒಲೆಯ ಮೇಲಿಟ್ಟು, ನೀರು ಚಿಮುಕಿಸಿದರೆ ಚುರ್ ಎಂದು ಆರುವಷ್ಟು ಕಾಯಿಸಿ, ಮೇಲೆ ಒಂದು ಹನಿ ಎಣ್ಣೆ. ಮಾಡಿ ನೋಡುವವರು ಬಯಲಿನಲ್ಲೇ ಮಾಡಿ, ಕನ್ನಡಕ ಹಾಕಿಕೊಳ್ಳಿ. ಎಣ್ಣೆಯಲ್ಲಿ ಪೆಟ್ರೋಲ್ ಇರಬಹುದಾದ್ದರಿಂದ ಗ್ಯಾಸಿನ ಉರಿ ಬೇಡ. ಹನಿಯನ್ನು ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ತೆಗೆಯಬೇಕು, ಓಡಿಸಿ ತಂದ ಮೇಲೆ ತೆಗೆದರೆ ಇದ್ದ ನೀರೂ ಆರಿಹೋಗಿರುತ್ತದೆ.

ಆರು ತಿಂಗಳೂ ತುಂಬದ, 190 ಕಿ.ಮೀ. ಮಾತ್ರ ಓಡಿದ ಆ ಎಣ್ಣೆ ಸಿಡಿಯಿತು. ಹಿಂದಿನಷ್ಟು ಅಬ್ಬರವಿರಲಿಲ್ಲ, ಆದರೆ ಸಣ್ಣ ಗುಳ್ಳೆಗಳು ಎದ್ದು ಒಡೆಯುವುದು ಸ್ಪಷ್ಟವಾಗಿ ಕೇಳಿಸಿತು. ಬಣ್ಣ ನೋಡಿದರೆ ಜೇನಿನಂತೆ ತಿಳಿಯಾಗಿತ್ತು. ನನ್ನ ಎಣಿಕೆ ತಲೆಕೆಳಗಾದದ್ದು ಅಂದು. ಕಪ್ಪಾದ ಎಣ್ಣೆ ಕೆಟ್ಟದ್ದು, ತಿಳಿಯಾದದ್ದು ಒಳ್ಳೆಯದು ಎಂಬ ನಂಬಿಕೆ ಹೋಯಿತು. ಹತ್ತು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಎಂಜಿನ್ನಿಗೆ ಉಪಕಾರವಾಗುತ್ತದೆ ಎಂಬುದೂ ಹೋಯಿತು. ಆ ಹತ್ತು ನಿಮಿಷದಲ್ಲಿ ಎಣ್ಣೆಗೆ ನೀರು, ಪೆಟ್ರೋಲ್ ಸೇರುವುದಕ್ಕೆ ಬೇಕಾದಷ್ಟು ಸಮಯವಿದೆ, ಅವು ಆರಿಹೋಗುವುದಕ್ಕೆ ಸಾಲದು. ಬ್ಯಾಟರಿ ಉಳಿಸಬೇಕೆಂದರೆ ಅದರ ನೆಗೆಟಿವ್ ತಂತಿಯನ್ನು ಕಳಚಿಡುವುದೇ ಮೇಲು.

ಆರು ತಿಂಗಳ ಲೆಕ್ಕದಲ್ಲಿ ನನ್ನನ್ನು ಕಾಡಿದ ಇನ್ನೊಂದು ಸಂಗತಿ ಇದೆ. ಒಂದು ಬಾರಿಗೆ ಮೂರು ಲೀಟರಿನಷ್ಟು ಹಳೆಯ ಎಣ್ಣೆ ಹೊರಬರುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅನೇಕ ಗ್ಯಾರೇಜುಗಳಲ್ಲಿ ಸಿಗುವ ಉತ್ತರ, ಸೆಂಟ್ರಿಂಗ್ ಹಲಗೆಗೆ ಬಳಿಯಲು ಒಯ್ಯುತ್ತಾರೆ ಎಂದು. ಕಾನೂನಿನ ಪ್ರಕಾರ ಬಳಸಿದ ಎಂಜಿನ್ ಆಯಿಲ್ ಅಪಾಯಕಾರಿ ತ್ಯಾಜ್ಯ, ಪರವಾನಗಿ ಪಡೆದ ಮರುಸಂಸ್ಕರಣೆಯವರಿಗೆ ಅದು ಹೋಗಬೇಕು. ಅಗತ್ಯವಿಲ್ಲದೆ ಅದನ್ನು ಇಮ್ಮಡಿ ಮಾಡಲು ನನಗೆ ಮನಸ್ಸಾಗಲಿಲ್ಲ.

ಮೂರನೆಯದು ಎರಡು ವರ್ಷಕ್ಕೊಮ್ಮೆ, ಪೂರ್ತಿ ಸಿಂಥೆಟಿಕ್, ಅಂದರೆ ರಾಸಾಯನಿಕ ಪ್ರಕ್ರಿಯೆಯಿಂದ ತಯಾರಿಸಿದ ಎಣ್ಣೆ. ದುಬಾರಿ ಎಣ್ಣೆ ಹಾಕಿದರೆ ಚಿಂತೆಯಿಲ್ಲ ಎಂದು ಗೆಳೆಯರೊಬ್ಬರು ಒತ್ತಾಯಿಸಿದರು. 2021ರ ಅಕ್ಟೋಬರಿನಲ್ಲಿ 5ಡಬ್ಲ್ಯೂ-30 (ಎಣ್ಣೆ ಎಷ್ಟು ಮಂದ ಎಂದು ಹೇಳುವ ದರ್ಜೆ) ಹಾಕಿಸಿ 2023ರವರೆಗೆ ಬಿಟ್ಟೆ, 4,600 ಕಿ.ಮೀ. ಓಡಿತು. ಸಿಂಥೆಟಿಕ್ ಎಣ್ಣೆಯ ಗುಣ ನಿಜವಾದದ್ದೇ. ಹೆಚ್ಚು ಶಾಖಕ್ಕೆ ಬೇಗ ಹಾಳಾಗುವುದಿಲ್ಲ, ಚಳಿಯಲ್ಲಿ ಗಟ್ಟಿಯಾಗುವುದಿಲ್ಲ. ಆದರೆ ನನ್ನ ಕಾರಿಗೆ ಇದ್ದ ಕಾಯಿಲೆ ಶಾಖದ್ದಲ್ಲ, ಶಾಖ ಸಾಲದ್ದು. ಮೈಸೂರಿನಲ್ಲಿ ಎಣ್ಣೆ ಹೆಪ್ಪುಗಟ್ಟುವಂತಹ ಚಳಿಯೂ ಇಲ್ಲ. ಒಳಗೆ ಇಳಿಯುವ ನೀರಿಗೆ, ಪೆಟ್ರೋಲಿಗೆ ಈ ಎಣ್ಣೆ ಎಷ್ಟು ಬೆಲೆಯದು ಎಂಬುದು ಗೊತ್ತಾಗುವುದಿಲ್ಲ.

ಎರಡನೆಯ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಡಿಪ್‌ಸ್ಟಿಕ್ ತೆಗೆದರೆ ಮಟ್ಟ ಮೇಲಿನ ಗುರುತನ್ನು ದಾಟಿತ್ತು. ನಾನು ಒಂದು ತೊಟ್ಟೂ ಸೇರಿಸಿರಲಿಲ್ಲ. ಬೆರಳುಗಳ ನಡುವೆ ಉಜ್ಜಿದರೆ ತೆಳ್ಳಗೆ ಜಾರುತ್ತಿತ್ತು, ಪೆಟ್ರೋಲಿನ ವಾಸನೆ ಖಚಿತವಾಗಿತ್ತು. ಎಣ್ಣೆಯ ಮಟ್ಟ ಇಳಿದರೆ ಎಲ್ಲರೂ ಗಾಬರಿಯಾಗುತ್ತಾರೆ. ಏರಿದರೆ ಇನ್ನೂ ಹೆಚ್ಚು ಗಾಬರಿಯಾಗಬೇಕು. ಕಾವಲಿಯ ಮೇಲೆ ಸಿಡಿತ ಮೊದಲನೆಯದಕ್ಕಿಂತ ಕಡಿಮೆ ಇತ್ತು, ಮುಚ್ಚಳದಲ್ಲಿ ತೆಳುವಾದ ಜಿಗುಟು ಮತ್ತೆ ಕಾಣಿಸಿತು. ಖರ್ಚಿನಲ್ಲಿ ಇದೇ ಅಗ್ಗ. ಆದರೂ ಇನ್ನೊಮ್ಮೆ ಹಾಗೆ ಬಿಡಲಾರೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಇದು ಇನ್ನೂ ಸಲ್ಲದು, ತಣ್ಣಗಿರುವ ಎಂಜಿನ್ನಿನಲ್ಲಿ ಎಥೆನಾಲ್ ಸುಲಭವಾಗಿ ಆವಿಯಾಗುವುದಿಲ್ಲ.

ನಾಲ್ಕನೆಯದು ಈಗ ನಡೆಸಿಕೊಂಡು ಬರುತ್ತಿರುವುದು. ವರ್ಷಕ್ಕೊಮ್ಮೆ, ಆಯುಧ ಪೂಜೆಯ ಹಿಂದಿನ ವಾರ, ಎಣ್ಣೆ ಮತ್ತು ಫಿಲ್ಟರ್ ಎರಡನ್ನೂ ಬದಲಿಸುವುದು. ಗಾಡಿ ತೊಳೆದು ಪೂಜೆ ಮಾಡುವ ದಿನ ಹೇಗೂ ಮರೆಯುವುದಿಲ್ಲ. ಅದು ಮಳೆಗಾಲ ಮುಗಿಯುವ ಕಾಲವೂ ಹೌದು, ನಾಲ್ಕು ತಿಂಗಳ ತೇವವನ್ನು ಕುಡಿದ ಎಣ್ಣೆ ಮುಂದಿನ ವರ್ಷಕ್ಕೆ ಉಳಿಯದೆ ಹೊರಬೀಳುತ್ತದೆ. ಇದರ ಜೊತೆಗೆ ತಿಂಗಳಿಗೆ ಎರಡು ಬಾರಿ ನಂಜನಗೂಡಿನವರೆಗೆ ಓಡಿಸಿ ತರುತ್ತೇನೆ. ಹೋಗಿಬಂದರೆ ಸುಮಾರು 50 ಕಿ.ಮೀ., ಒಂದು ಬದಿಗೆ ಮುಕ್ಕಾಲು ಗಂಟೆಯ ಹತ್ತಿರ. ಶ್ರೀಕಂಠೇಶ್ವರನ ದರ್ಶನವೂ ಆಗುತ್ತದೆ, ಎಣ್ಣೆಯೂ ಕಾಯುತ್ತದೆ. ಎಣ್ಣೆ ಕೈಪಿಡಿಯಲ್ಲಿ ಹೇಳಿದ ಅದೇ 5ಡಬ್ಲ್ಯೂ-30, ಅತಿ ದುಬಾರಿಯದಲ್ಲ.

2024ರ ಅಕ್ಟೋಬರಿನಲ್ಲಿ ಮೊದಲ ವರ್ಷದ ಎಣ್ಣೆಯನ್ನು ಕಾವಲಿಗೆ ಬಿಟ್ಟಾಗ ನಾನು ಕಿವಿಯನ್ನು ಹತ್ತಿರ ತಂದು ಆಲಿಸಿದೆ. ಸದ್ದೇ ಇಲ್ಲ. ಸುಮಾರು 3,000 ಕಿ.ಮೀ. ಓಡಿ ಕಪ್ಪಗಾಗಿದ್ದ ಎಣ್ಣೆ ಎಣ್ಣೆಯಂತೆಯೇ ಹರಡಿ ಹೊಗೆಯಾಡಿತು. ಲಾಕ್‌ಡೌನಿನ ಜೇನುಬಣ್ಣದ ಎಣ್ಣೆಗಿಂತ ಇದು ಎರಡು ಪಟ್ಟು ಹಳೆಯದು. 2025ರಲ್ಲೂ ಹಾಗೆಯೇ ಬಂತು. ಕಾವಲಿ ಪ್ರಯೋಗಾಲಯವಲ್ಲ, ಆಮ್ಲ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ವರ್ಷದ ಗಡಿಯನ್ನು ನಾನು ದಾಟದಿರುವುದು ಅದಕ್ಕಾಗಿಯೇ. ಆದರೆ ನೀರಿನ ವಿಷಯದಲ್ಲಿ ಅದರ ಸಾಕ್ಷಿ ನನಗೆ ಸಾಕು.

ಎರಡು ಬಗೆಯವರಿಗೆ ನನ್ನ ಲೆಕ್ಕ ಹಾಗೆಯೇ ಒಪ್ಪುವುದಿಲ್ಲ. 2020ರ ಏಪ್ರಿಲ್ ನಂತರದ, ಬಿಎಸ್-6 ಎಂಬ ಹೊಗೆ ಮಾಲಿನ್ಯ ನಿಯಮಕ್ಕೆ ಒಳಪಟ್ಟ ಡೀಸೆಲ್ ಕಾರು ಇಟ್ಟುಕೊಂಡು ಊರೊಳಗೇ ಓಡಿಸುವವರು ಹೆಚ್ಚು ಎಚ್ಚರವಾಗಿರಬೇಕು. ಹೊಗೆಯ ಮಸಿಯನ್ನು ಹಿಡಿಯುವ ಅದರ ಫಿಲ್ಟರ್ ಆ ಮಸಿಯನ್ನು ಸುಟ್ಟು ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಹೊತ್ತಿನಲ್ಲಿ ಹೆಚ್ಚು ಡೀಸೆಲ್ ಬೇಡುತ್ತದೆ. ಆ ಕೆಲಸ ಅರ್ಧಕ್ಕೆ ನಿಂತು ನಿಂತು ನಡೆದರೆ ಡೀಸೆಲ್ ಎಣ್ಣೆಗೆ ಇಳಿಯುತ್ತದೆ. ಅವರು ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಲೇಬೇಕು. ಇನ್ನು ಮಕ್ಕಳ ಮನೆಗೆಂದು ಆರು ತಿಂಗಳು ವಿದೇಶಕ್ಕೆ ಹೋಗುವವರು ಬಂದ ಮೇಲೆ ಬದಲಿಸುವ ಬದಲು ಹೊರಡುವ ಮುಂಚೆ ಬದಲಿಸಲಿ, ಒಂದು ಗಂಟೆ ಓಡಿಸಿ ನಿಲ್ಲಿಸಲಿ. ನಿಂತ ಎಂಜಿನ್ನಿನೊಳಗೆ ಕೂರುವುದು ಹೊಸ ಎಣ್ಣೆಯಾಗಿರಬೇಕು.

ನನ್ನ ಭಾವ ತೀರ್ಥಹಳ್ಳಿಯ ಹತ್ತಿರ ಇದ್ದಾರೆ. ತೋಟದ ಮನೆಯಿಂದ ಪೇಟೆಗೆ ಮೂರು ಕಿಲೋಮೀಟರ್, ಕಾರು ಅದಕ್ಕಿಂತ ದೂರ ಹೋಗುವುದು ವರ್ಷಕ್ಕೆ ನಾಲ್ಕೈದು ಬಾರಿ. ಆಗುಂಬೆಯ ಸೀಮೆಯ ಆ ಮಳೆಯಲ್ಲಿ ನಂಜನಗೂಡಿನಂತಹ ಓಟಕ್ಕೆ ಅವರನ್ನು ಹೊರಡಿಸಲು ನನ್ನಿಂದ ಆಗಿಲ್ಲ. ಅವರಿಗೆ ನಾನು ಬಿಟ್ಟ ಆರು ತಿಂಗಳ ಲೆಕ್ಕವನ್ನೇ ಹೇಳಿದ್ದೇನೆ: ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿಗೆ ಒಮ್ಮೆ. ಕಳೆದ ದೀಪಾವಳಿಯಲ್ಲಿ ಅವರ ಕಾರಿನ ಹನಿಯೊಂದನ್ನು ಅಲ್ಲಿಯೇ ಕಾಯಿಸಿ ನೋಡಿದೆವು. ಸಿಡಿಯಿತು. ಅದೇ ದಿನ ಮಧ್ಯಾಹ್ನ ಭಾವ ಹೊಸ ಎಣ್ಣೆ ಹಾಕಿಸಿಕೊಂಡು ಬಂದರು.